ಇಡೀ ಕೋಳಿ

ನೈಲ್ ದಂಡೆಯ ಆ ಹಳೇ ಊರಿನ ದವಾಖಾನೆಯಲ್ಲಿ ಒಂದು ನಿಯಮವಿತ್ತು. ಒಂದು ಇಡೀ ಕೋಳಿಯನ್ನು ತಿಂದು ಮುಗಿಸಿದವನು ಗುಣವಾದಂತೆ, ಅವನು ಮನೆಗೆ ಹೋಗಬೇಕು. ತಿನ್ನದವನನ್ನು ಹೊರಗೆ ಬಿಡುವಂತಿಲ್ಲ.

ತಾಮ್ರದ ಕೆಲಸದ ಬುರ್ಹಾನನಿಗೆ ಜ್ವರ ಬಿಟ್ಟು ಇಪ್ಪತ್ತು ದಿನವಾಗಿತ್ತು. ಆದರೆ ಮೆತ್ತನೆ ಹಾಸಿಗೆ, ಅಂಗಳದ ಕಾರಂಜಿ, ಮಧ್ಯಾಹ್ನದ ಸಂಗೀತ ಎಲ್ಲ ಬಿಟ್ಟು ಮತ್ತೆ ಆ ಸುತ್ತಿಗೆಯ ಗದ್ದಲಕ್ಕೆ ಯಾರು ಹೋಗುತ್ತಾರೆ? ಕೋಳಿ ಬಂದಾಗಲೆಲ್ಲ "ಅಯ್ಯೋ, ವಾಕರಿಕೆ!" ಎಂದು ತಟ್ಟೆ ತಳ್ಳಿ, ಬರೀ ಗಂಜಿ ಕುಡಿದು ಮಲಗುತ್ತಿದ್ದ.

ಅವತ್ತು ಪಕ್ಕದ ಹಾಸಿಗೆಯ ಮುದುಕ ಸಾಲಿಹ್ ಕೋಳಿಯ ಮುಂದೆ ಕಣ್ಣೀರು ಹಾಕುತ್ತಾ ಕೂತಿದ್ದ.

"ಒಂದು ತುತ್ತೂ ಇಳೀತಿಲ್ಲಪ್ಪಾ. ಇವತ್ತೇ ಮಗಳ ನಿಕಾಹ್. ಅಪ್ಪ ಬರೋವರೆಗೂ ಒಪ್ಪಿಗೆ ಕೊಡಲ್ಲ ಅಂತ ಕೂತಿದ್ದಾಳೆ."

"ಅಳಬೇಡ ಮಾರಾಯ, ತಟ್ಟೆ ಈ ಕಡೆ ತಳ್ಳು. ಹಕೀಮರು ನೋಡೋದು ಮೂಳೆ ತಾನೇ?"

ಇಪ್ಪತ್ತು ದಿನದ ಗಂಜಿಯ ಹಸಿವು! ಬುರ್ಹಾನ್ ಕಣ್ಣುಮುಚ್ಚಿ ತೆಗೆಯುವುದರೊಳಗೆ ಕೋಳಿ ಮುಗಿಸಿ, ಮೂಳೆಯನ್ನು ಮುದುಕನ ಮುಂದಿಟ್ಟ.

ಹಕೀಮರು ಬಂದರು. ಮೂಳೆ ನೋಡಿದರು, ಸಾಲಿಹನ ನಾಡಿ ಹಿಡಿದರು.

"ಭೇಷ್! ಕೋಳಿ ಹೇಗಿತ್ತು?"

"ಚೆನ್ನಾಗಿತ್ತು ಹುಜೂರ್."

"ಉಪ್ಪು?"

ಸಾಲಿಹ್ ಬುರ್ಹಾನನ ಕಡೆ ನೋಡಿದ. ಬುರ್ಹಾನನ ಬಾಯಿ ತಡೆಯಲಿಲ್ಲ: "ಒಂಚೂರು ಕಮ್ಮಿ ಇತ್ತು ಹುಜೂರ್!"

ಹಕೀಮರು ನಾಡಿ ಬಿಟ್ಟು ಮುದುಕನ ಭುಜ ತಟ್ಟಿದರು.

"ಹೋಗಿ ಮದುವೆ ಮಾಡಿಸಿ ಬಾ ಸಾಲಿಹ್. ನೀನು ನಡೆಯಬೇಡ, ಕೋಳಿ ತಿಂದ ಇವನೇ ಹೊತ್ತುಕೊಂಡು ಹೋಗಿ ಸಂಜೆ ಹೊತ್ತು ತರುತ್ತಾನೆ. ಬಾಗಿಲಿಂದ ಒಳಗೆ ಮಾತ್ರ ನೀನೊಬ್ಬನೇ ಬಾ."