ಇಪ್ಪತ್ತೆರಡು ಲೂಪ್‌ಗಳು

ಗೋ ಎಂಬ ಕಂಪ್ಯೂಟರ್ ಭಾಷೆಯಲ್ಲಿದ್ದ, ಕಚೇರಿಗೆ ಬಂದ ಅರ್ಜಿಗಳನ್ನು ಪರಿಶೀಲಿಸುವ ಪ್ರೋಗ್ರಾಮಿನಲ್ಲಿ ಅರ್ಜಿದಾರರ ಹೆಸರಿಗೊಂದು ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್, ವಯಸ್ಸಿಗೊಂದು ಲೂಪ್, ಹೀಗೆ ಅರ್ಜಿಯಲ್ಲಿ ತುಂಬಬೇಕಾದ ಇಪ್ಪತ್ತೆರಡು ಫೀಲ್ಡ್‌ಗಳಿಗೆ ಇಪ್ಪತ್ತೆರಡು ಲೂಪ್‌ಗಳಿದ್ದವು. ಎಲ್ಲದರ ಕೆಲಸವೂ ಒಂದೇ, ಫೀಲ್ಡ್ ಖಾಲಿ ಬಿಟ್ಟಿದ್ದಾರೆಯೇ ಎಂದು ನೋಡುವುದು. ಹೊಸದಾಗಿ ಸೇರಿದ್ದ ಎಂಜಿನಿಯರ್ ಅವನ್ನೆಲ್ಲ ಅಳಿಸಿ ಎಲ್ಲ ಫೀಲ್ಡ್‌ಗಳಿಗೂ ಸೇರಿಸಿ ಒಂದೇ ಲೂಪ್ ಬರೆದಳು.

ಮ್ಯಾನೇಜರ್ ಬೆವರು ಒರೆಸಿಕೊಂಡರು. "ಏನಮ್ಮಾ ಇದು? ಒಂದೊಂದು ಫೀಲ್ಡಿಗೂ ಒಬ್ಬೊಬ್ಬ ಮುಖ್ಯಸ್ಥರಿದ್ದಾರೆ. ಈ ಬದಲಾವಣೆಗೆ ಅಷ್ಟೂ ಜನ ಸಹಿ ಹಾಕ್ದಿದ್ರೆ ನಿಮ್ಮ ಕೆಲಸ ಖಾಯಂ ಆಗಲ್ಲ."

ಮೂರು ವಾರ ಅವಳು ಟೇಬಲ್‌ನಿಂದ ಟೇಬಲ್‌ಗೆ ಅಲೆದು, ಅದೇ ಮಾತನ್ನು ಇಪ್ಪತ್ತೆರಡು ಸಲ ಹೇಳಿ, ಕೊನೆಗೆ ಬಂದು ಕುರ್ಚಿಯಲ್ಲಿ ಕುಸಿದಳು.

"ಎಲ್ರೂ ಸಹಿ ಹಾಕಿದ್ರು ಸರ್."

"ಯಾರೂ ತಕರಾರು ತೆಗೀಲಿಲ್ವಾ?"

"ಇಲ್ಲ ಸರ್. ಈ ಲೂಪ್ ತುಂಬಾ ಚೆನ್ನಾಗಿದೆ, ನಮ್ಮ ಫೀಲ್ಡಿಗೂ ಇಂಥದ್ದೇ ಒಂದು ಬರ್ಕೊಡು ಅಂತ ಒಬ್ಬೊಬ್ಬರೂ ಕೇಳಿದ್ದಾರೆ."