ನೆವಾಡಾದ ಒಂದು ಹಾಳೆ

ಗುಲಾಮಗಿರಿ ಇನ್ನೆಂದೂ ಕೂಡದು ಎಂದು ಬರೆದುಕೊಂಡಿದ್ದ ಹಾಳೆಯನ್ನು ಎಜ್ರಾ ಮಡಚಿ ಕೋಟಿನ ಜೇಬಿಗೆ ಸೇರಿಸಿದ. ಅದರ ಮುಂದಿನ ಹಾಳೆಯನ್ನು ಕೈಗೆತ್ತಿಕೊಂಡ. ಯೂಟಾದ ಸಾಲ್ಟ್ ಲೇಕ್ ಸಿಟಿಯ ತಂತಿ ಆಫೀಸಿನಲ್ಲಿ ಆಗ ಅವನನ್ನು ಬಿಟ್ಟರೆ ಇದ್ದವಳು ತಬಿತಾ ಒಬ್ಬಳೇ, ಅವನ ಹಿರಿಯ ಹೆಂಡತಿ. ಊಟ ತಂದಿದ್ದಳು, ನೋಡಿಬಿಟ್ಟಳು.

"ಅದನ್ನ ಯಾಕೆ ಜೇಬಿಗೆ ಹಾಕ್ಕೊಂಡ್ರಿ?"

"ನಿನ್ನ ಕೆಲಸ ನೀನು ನೋಡ್ಕೊ."

ನಿನ್ನೆಯಿಂದ ಅವನ ಕೆಲಸ ಒಂದೇ. ನೆವಾಡಾದವರು ರಾಜ್ಯವಾಗಲೆಂದು ತಮ್ಮ ಸಂವಿಧಾನವನ್ನು ಇಡಿಯಾಗಿ ತಂತಿಯಲ್ಲಿ ವಾಷಿಂಗ್ಟನ್ನಿಗೆ ಕಳಿಸುತ್ತಿದ್ದರು. ಅಂಚೆಗೆ ಹಾಕಿದ್ದು ಮುಟ್ಟಿರಲಿಲ್ಲ. ನೇರ ತಂತಿ ಇಲ್ಲ. ನೆವಾಡಾದ ಕಾರ್ಸನ್ ಸಿಟಿಯವನು ಯಂತ್ರದಲ್ಲಿ ಕುಟ್ಟಿದ್ದನ್ನು ಎಜ್ರಾ ಕೇಳಿ ಬರೆದುಕೊಳ್ಳಬೇಕು, ಮತ್ತೆ ಅದನ್ನೇ ಷಿಕಾಗೋಗೆ ಕುಟ್ಟಬೇಕು, ಅಲ್ಲಿಂದ ಅದು ಮುಂದಕ್ಕೆ. ಗುಲಾಮಗಿರಿ ಬೇಕೆಂದ ದಕ್ಷಿಣದವರ ಜೊತೆ ಯುದ್ಧ ಶುರುವಾಗಿ ನಾಲ್ಕನೆಯ ವರ್ಷ, ಇನ್ನು ಹನ್ನೆರಡು ದಿನಕ್ಕೆ ಅಧ್ಯಕ್ಷರ ಚುನಾವಣೆ. ಅಷ್ಟರೊಳಗೆ ಇನ್ನೊಂದು ರಾಜ್ಯದ ಓಟು ಸಿಕ್ಕರೆ ವಾಷಿಂಗ್ಟನ್ನಿನವರಿಗೆ ಬೇಡವೇ? ಆದರೆ ಗುಲಾಮಗಿರಿ ಕೂಡದೆಂಬುದು ಅವರ ಷರತ್ತು; ಆ ಮಾತಿಲ್ಲದ ಸಂವಿಧಾನ ಹೋದರೆ ಅದು ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಅಷ್ಟರಲ್ಲಿ ಚುನಾವಣೆ ಮುಗಿದು, ನೆವಾಡಾ ಹೊಸ್ತಿಲ ಆಚೆಯೇ ಉಳಿಯುತ್ತದೆ, ನಮ್ಮ ಹಾಗೆ.

ಹೌದು, ನಮ್ಮ ಹಾಗೆ. ರಾಜ್ಯ ಮಾಡಿ ಎಂದು ಯೂಟಾದವರು ನಾವು ಮೊದಲ ಅರ್ಜಿ ಹಾಕಿ ಹದಿನೈದು ವರ್ಷ. ಮೂರು ಸಲ ಕೇಳಿದೆವು, ಮೂರು ಸಲವೂ ಇಲ್ಲ. ಒಬ್ಬ ಗಂಡಸಿಗೆ ಇಬ್ಬರು ಮೂವರು ಹೆಂಡಿರಿರುವ ನಾಡು ಅವರ ಪಂಕ್ತಿಗೆ ಆಗದಂತೆ. ನೆವಾಡಾ ಎಂದರೆ ಮೂರು ವರ್ಷದ ಹಿಂದೆ ನಮ್ಮ ನೆಲವನ್ನೇ ಕತ್ತರಿಸಿ ಮಾಡಿದ್ದು, ಬೆಳ್ಳಿ ಅಗೆಯಲು ಬಂದವರ ಬಿಡಾರ. ಅದಕ್ಕೆ ಮಣೆ ಹಾಕಿ ಕರೆಯುತ್ತಿದ್ದರು. ಊರಿಗೆ ಊರೇ ಹೊಟ್ಟೆ ಉರಿದುಕೊಂಡಿತ್ತು. ಈ ಕಥೆ ಹೇಳುವ ನಾನೇನು ಸಾಚಾ ಅಲ್ಲ, ನನಗೂ ಉರಿದಿತ್ತು.

ಸಾಲದ್ದಕ್ಕೆ ಕಾರ್ಸನ್ ಸಿಟಿಯವನು ನಡುನಡುವೆ ತಂತಿಯಲ್ಲೇ ಕೊಂಕು ಬೇರೆ ಆಡುತ್ತಿದ್ದ: "ಅಣ್ಣಾ, ನಿದ್ದೆ ಬಂತಾ? ಇನ್ನೊಂದು ವಾರಕ್ಕೆ ನಾವು ರಾಜ್ಯ. ನಿಮ್ಮದು ಯಾವಾಗ?"

ತಬಿತಾ ರೊಟ್ಟಿ, ಬೇಯಿಸಿದ ಆಲೂಗೆಡ್ಡೆ ಮುಂದಿಟ್ಟಳು. ಎಜ್ರಾ ಮುಟ್ಟಲಿಲ್ಲ.

"ನಿನ್ನೆ ಮೊನ್ನೆ ಕಣ್ಣು ಬಿಟ್ಟದ್ದು ಕಣೇ ಆ ನೆವಾಡಾ," ಎಂದ. "ಈ ಉಪ್ಪುನೆಲಾನ ಹಸನು ಮಾಡಿದವರು ನಾವು, ಕಾಲುವೆ ತೋಡಿದವರು ನಾವು. ಬಾಗಿಲಲ್ಲಿ ನಿಂತು ನಿಂತು ಕಾಲು ಸವೀತು. ಆಮೇಲೆ ಬಂದವರು ನಮ್ಮನ್ನ ದಾಟ್ಕೊಂಡು ಒಳಗೆ ಹೋಗಿ ಕೂತ್ಕೋಬೇಕು, ನಾನೇ ಕೈಯಾರೆ ಕೂರಿಸಬೇಕು. ಆ ಸಂಕಟ ನಿಂಗೆ ಗೊತ್ತಾಗಲ್ಲ ಬಿಡು."

ತಬಿತಾ ನಕ್ಕಳು. ಸುಮ್ಮಸುಮ್ಮನೆ ನಗುವ ಹೆಂಗಸಲ್ಲ ಅವಳು. ಹದಿನಾಲ್ಕು ವರ್ಷದ ಹಿಂದೆ ಎತ್ತಿನ ಗಾಡಿಯ ಪಕ್ಕ ಸಾವಿರ ಮೈಲಿ ನಡೆದು ಇವನ ಜೊತೆ ಬಂದವಳು, ದಾರಿಯಲ್ಲಿ ಒಂದು ಕೂಸನ್ನು ಮಣ್ಣು ಮಾಡಿದವಳು. ಅವಳ ಮನೆಯ ಕಿಟಕಿಗೆ ಇವತ್ತಿಗೂ ಎಣ್ಣೆ ಹಚ್ಚಿದ ಬಟ್ಟೆಯೇ ಗತಿ. ಹೋದ ವರ್ಷ ಬಂದ ಕಿರಿಯಳು ಲವೀನಾ, ಹತ್ತೊಂಬತ್ತರ ಹುಡುಗಿ. ಅವಳ ಮನೆಯ ನಾಲ್ಕು ಕಿಟಕಿಗೂ ಗಾಜು. ಎಜ್ರಾನ ಊಟ ನಿದ್ದೆಯೆಲ್ಲ ಈಗ ಹೆಚ್ಚುಕಡಿಮೆ ಅಲ್ಲೇ.

"ಗೊತ್ತಾಗಲ್ಲ ಅಂತೀರಾ," ಎಂದಳು. "ಲವೀನಾ ಮದುವೆ ದಿನ ಅವಳ ಕೈಯನ್ನ ನಿಮ್ಮ ಕೈಯಲ್ಲಿ ಇಟ್ಟವರು ಯಾರು?"

ನಮ್ಮಲ್ಲಿ ಹಾಗೆ ಪದ್ಧತಿ. ಗಂಡ ಇನ್ನೊಬ್ಬಳನ್ನು ಮದುವೆಯಾಗುವಾಗ ಹಿರಿಯ ಹೆಂಡತಿಯೇ ಅವಳ ಬಲಗೈ ಹಿಡಿದು ಅವನ ಕೈಯಲ್ಲಿಡಬೇಕು. ನಿನಗೆ ಒಪ್ಪಿಗೆಯೇನಮ್ಮ ಎಂದು ಹಿರಿಯರು ಕೇಳುತ್ತಾರೆ. ಹೌದು ಎನ್ನಬೇಕು.

ಯಂತ್ರ ಟಕಟಕ ಸದ್ದು ಮಾಡಿತು. ಮುಂದಿನದೆಲ್ಲಿ ಎಂದು ಷಿಕಾಗೋದವನು ಕೇಳುತ್ತಿದ್ದ.

"ಅವತ್ತು ನಿಂಗೆ ಹೊಟ್ಟೆ ಉರೀಲಿಲ್ವಾ?" ಎಂದ ಎಜ್ರಾ. ಲವೀನಾಳ ಮದುವೆಯಾಗಿ ವರ್ಷ ಕಳೆದಿತ್ತು, ಅವನು ಈ ಮಾತು ಕೇಳಿದ್ದು ಇದೇ ಮೊದಲು.

ತಬಿತಾ ಅವನ ಜೇಬಿಗೆ ಕೈಹಾಕಿ ಹಾಳೆ ತೆಗೆದಳು. ಮಡಿಕೆ ಬಿಡಿಸಿ ಅವನ ಅಂಗೈಯಲ್ಲಿಟ್ಟಳು.

"ಅವಳ ಬೆರಳು ಮುರಿದುಬಿಡೋಣ ಅನ್ನಿಸಿತ್ತು," ಎಂದಳು. "ಮುರೀಲಿಲ್ಲ. ಕುಟ್ಟಿ ಈಗ."