ಮೂರು ಹಳೆಯದು, ಒಂದು ಹೊಸದು

ಮನೆ ಬಿಟ್ಟು ಮೊದಲನೇ ತಿರುವು ತೆಗೆದುಕೊಳ್ಳುತ್ತಿದ್ದಂತೆ ಗಾಡಿಯ ಹೊಟ್ಟೆಯೊಳಗಿಂದ ‘ಗಡಕ್’ ಎಂದು ಸದ್ದು ಬಂತು. ನರ್ಸಮ್ಮ ಎಂದಿನಂತೆ ತಟ್ಟನೆ ರೇಡಿಯೊ ಜೋರು ಮಾಡಿದಳು. ಪಕ್ಕದಲ್ಲಿ ಕೂತಿದ್ದ ಗಂಡ ಎರಡು ಸಲ ಕೆಮ್ಮಿದ. ಸದ್ಯ, ಈ ಮಹಾರಾಯನ ಕಿವಿಗೆ ಬಿದ್ದಿಲ್ಲ ಎಂದು ಅವಳು ಉಸಿರುಬಿಟ್ಟಳು.

ಬಿದ್ದಿದ್ದರೆ ಅವಳ ಕಥೆ ಮುಗಿದಂತೆಯೇ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವುದು ಅವಳ ಕೆಲಸ. ಗುಡ್ಡದ ಮೇಲಿನ ಮನೆಗಳಿಗೆ ಹೋಗುವ ಜಲ್ಲಿ ದಾರಿಯಲ್ಲಿ ಮೊದಲಿದ್ದ ಪುಟ್ಟ ಕಾರು ಚಕ್ರವನ್ನು ಗರಗರ ತಿರುಗಿಸಿಕೊಂಡು ನಿಂತಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಹಟ ಹಿಡಿದು, ನಾಲ್ಕೂ ಚಕ್ರಗಳನ್ನು ಇಂಜಿನ್ನೇ ಓಡಿಸುವ ಈ ಉದ್ದನೆಯ ಹಳೇ ಡೀಸೆಲ್ ವ್ಯಾಗನ್ ಕೊಂಡಿದ್ದಳು. “ಸೆಕೆಂಡ್ ಹ್ಯಾಂಡ್ ಡೀಸೆಲ್ಲಾ? ಬೇರೆಯವರ ತಲೆನೋವನ್ನ ಕಾಸು ಕೊಟ್ಟು ಮನೆಗೆ ತರ್ತಾ ಇದೀಯ ಕಣೇ,” ಎಂದು ಅವಳ ಅಣ್ಣ ಬುದ್ಧಿ ಹೇಳಿದ್ದ. ಗಂಡ ಮಾತ್ರ, “ಅವಳಿಗೆ ಬೇಕಂತೆ, ತಗೊಳ್ಳಲಿ ಬಿಡಿ ಭಾವ,” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಈಗ ಗೇರ್‌ಬಾಕ್ಸೇ ಹೋಗಿದೆ ಎಂದಾದರೆ ಗಾಡಿ ಗುಜರಿಗೆ. ಗುಡ್ಡದ ಮೇಲಿನವರ ಗಾಯವನ್ನು ಆಮೇಲೆ ದೇವರೇ ನೋಡಿಕೊಳ್ಳಬೇಕು.

ಗಂಡನ ಅಂಗಡಿಯ ಹಿಂದಿನ ಖಾಲಿ ಅಂಗಳ ಬಂತು. ಅವನದು ಶೂ ಮಾಡುವ ಕೆಲಸ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇರುವವರಿಗೆ ಅಳತೆ ನೋಡಿ ಅಟ್ಟೆ ಏರಿಸಿ ಕೊಡುವುದರಲ್ಲಿ ಎತ್ತಿದ ಕೈ. ದಿನಾ ಇಳಿದ ತಕ್ಷಣ ಬೆನ್ನು ತಿರುಗಿಸಿ ಹೋಗುವವನು ಇವತ್ತು ಬಾಗಿಲು ಹಿಡಿದುಕೊಂಡೇ ನಿಂತ.

“ರೇಡಿಯೊ ಆಫ್ ಮಾಡಿ ಇಲ್ಲೇ ಒಂದು ಸುತ್ತು ಹಾಕು.”

“ಯಾಕ್ರೀ? ನನಗೆ ಹೊತ್ತಾಯ್ತು.”

“ಹಾಕೇ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಿಧಾನಕ್ಕೆ.”

ಅವಳು ರೇಡಿಯೊ ಆಫ್ ಮಾಡಿದಳು. ಒಂದು ಸುತ್ತು ಹಾಕಿದಳು. ಗಡಕ್. ಇನ್ನೊಂದು ಸುತ್ತು. ಗಡಕ್, ಗಡಕ್. ಅವನು ಗಿರಾಕಿಗಳನ್ನು ಅತ್ತಿಂದಿತ್ತ ನಡೆಸಿ ನೋಡುವ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ಗಾಡಿಯನ್ನೇ ನೋಡುತ್ತಿದ್ದ. ಇನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಬ್ರೇಕ್ ಒತ್ತಿ ಕಿಟಕಿ ಇಳಿಸಿ, “ನನಗೂ ಗೊತ್ತುರೀ. ಒಂದು ತಿಂಗಳಿಂದ ಬರ್ತಾ ಇದೆ. ನಾನೇ ಮುಚ್ಚಿಟ್ಟೆ. ಬೈಯೋದಾದ್ರೆ ಬೈದುಬಿಡಿ,” ಎಂದು ಒಂದೇ ಉಸಿರಿಗೆ ಹೇಳಿದಳು.

“ಕುಂಟ್ತಾ ಇದೆ,” ಎಂದ ಅವನು, ಅವಳು ಹೇಳಿದ್ದು ಕೇಳಿಸದವನಂತೆ. ಜೇಬಿನಿಂದ ಅಳತೆ ಟೇಪು ತೆಗೆದು, ಮಂಡಿಯೂರಿ, ಮುಂದಿನ ಬಲಚಕ್ರದ ಎತ್ತರ ನೋಡಿದ. ಎಡಚಕ್ರಕ್ಕೆ ಹಿಡಿದ. ಹಿಂದಿನ ಎರಡಕ್ಕೂ ಹಿಡಿದ. ಮುಂದಿನ ಬಲಗಡೆಯದೊಂದು ಮಾತ್ರ ಉಳಿದವಕ್ಕಿಂತ ಹೆಚ್ಚುಕಮ್ಮಿ ಒಂದು ಬೆರಳು ಎತ್ತರ ಇತ್ತು. ಅವನು ಹಣೆ ಚಚ್ಚಿಕೊಂಡ.

“ಗಾಡಿಗೇನೂ ಆಗಿಲ್ಲ ಕಣೇ. ನಾನೆಂಥ ಪೆದ್ದ! ಊರವರ ಕಾಲನ್ನೆಲ್ಲ ಸಮ ಮಾಡೋನು, ನಿನ್ನ ಗಾಡಿಯ ಕಾಲು ಕುಂಟು ಮಾಡಿ ಕೂರಿಸಿದೀನಿ.”

ಹೋದ ತಿಂಗಳು ಆ ಚಕ್ರಕ್ಕೆ ಮೊಳೆ ಚುಚ್ಚಿತ್ತು. ತೇಪೆ ಹಾಕಿದರೆ ಸಾಕು ಎಂದು ಟೈರ್ ಅಂಗಡಿಯವನು ಹೇಳಿದರೂ ಕೇಳದೆ, ಗುಡ್ಡ ಹತ್ತುವವಳಿಗೆ ಹೊಸದೇ ಇರಲಿ ಎಂದು ಇವನೇ ಪ್ರೀತಿಯಿಂದ ಒಂದು ಟೈರು ತಂದು ಹಾಕಿಸಿದ್ದ. ಮಾಮೂಲಿ ಕಾರಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಾಲ್ಕೂ ಒಂದಕ್ಕೊಂದು ಗಂಟುಬಿದ್ದು ತಿರುಗುವ ಗಾಡಿಯಲ್ಲಿ ಮೂರು ಸವೆದದ್ದು, ಒಂದು ಹೊಸದು ಎಂದರೆ ಜಗ್ಗಾಡದೆ ಇನ್ನೇನು ಮಾಡೀತು?

“ಹಳೇದನ್ನ ಅಟ್ಟೆಗೆ ಕೊಯ್ಯೋಣ ಅಂತ ಒಳಗಿಟ್ಟಿದ್ದೆ. ಪುಣ್ಯಕ್ಕೆ ಇನ್ನೂ ಕತ್ತಿ ಹಾಕಿಲ್ಲ,” ಎಂದು ಅವನು ಹಿಂಬಾಗಿಲು ತೆಗೆದು ಒಳಗೋಡಿ ಆ ಟೈರನ್ನು ಉರುಳಿಸಿಕೊಂಡು ಬಂದ. ಮೂಲೆಯ ಟೈರ್ ಅಂಗಡಿಯಲ್ಲಿ ತೇಪೆ ಹಾಕಿಸಿ, ಹೊಸದನ್ನು ಕಳಚಿ ಹಳೆಯದನ್ನೇ ಕೂರಿಸಿದ್ದಾಯಿತು. ಗುಡ್ಡದ ಮೇಲಿನ ಅಜ್ಜಿಗೆ ಸ್ವಲ್ಪ ತಡವಾಗುತ್ತದೆ ಎಂದು ಅವಳು ಫೋನ್ ಮಾಡಿ ಹೇಳಿದಳು.

ಮತ್ತೆ ಅಂಗಳಕ್ಕೆ ಬಂದು, ಹಲ್ಲು ಕಚ್ಚಿಕೊಂಡು ಸುತ್ತು ಹಾಕಿದಳು. ಸದ್ದಿಲ್ಲ. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಡೀಸೆಲ್ ಇಂಜಿನ್ನಿನ ಗೊರಗೊರ ಬಿಟ್ಟರೆ ಒಂದು ಪಿಟ್ಟೆಂಬ ಸದ್ದಿಲ್ಲ. ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎದೆಯ ಮೇಲಿಂದ ಯಾರೋ ಚಪ್ಪಡಿ ಕಲ್ಲು ಎತ್ತಿಟ್ಟ ಹಾಗಾಯಿತು.

“ನಿಮಗೆ ಯಾವಾಗ ಕೇಳಿಸ್ತು?”

“ಮೊದಲನೇ ದಿನವೇ. ಇಲ್ದಿದ್ರೆ ಸದ್ದು ಬಂದಾಗಲೆಲ್ಲ ನನಗ್ಯಾವ ಕೆಮ್ಮು?”

“ಮತ್ತೆ ಬಾಯಿ ಬಿಡಬಾರದಿತ್ತಾ?”

“ಅಷ್ಟು ಆಸೆಪಟ್ಟು ತಗೊಂಡಿದ್ದೆ. ನಿನ್ನ ಮನಸ್ಸು ಯಾಕೆ ಮುರೀಲಿ ಅಂತ ಸುಮ್ಮನಿದ್ದೆ. ಕೇಳಿ ಕೇಳಿ ಇವತ್ತು ತಡೆಯೋಕಾಗ್ಲಿಲ್ಲ.” ಅಂಗಡಿಯ ಮುಂಬಾಗಿಲಿನ ಬೀಗದ ಕೈ ಹುಡುಕುತ್ತ ಅವನು ನಿರಾಳವಾಗಿ ನಕ್ಕ. “ಅಲ್ಲ ಕಣೇ, ಶೂ ಕಚ್ಚಿದ್ರೆ ಗುರುತು ಪರಿಚಯ ಇಲ್ಲದ ಗಿರಾಕಿ ಕೂಡ ಬಂದು ಹೇಳ್ತಾನೆ. ನಾವಿಬ್ಬರೂ ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ವಲ್ಲ! ಇನ್ನೂ ಎಲ್ಲಾದ್ರೂ ಕಚ್ತಾ ಇದ್ರೆ ಈಗಲೇ ಹೇಳಿಬಿಡು.”

 ಅವಳು ಬಗ್ಗಿ, ಆ ಕಡೆಯ ಬಾಗಿಲು ತೆರೆದಳು.

“ಹಾಗಾದ್ರೆ ಅಂಗಡಿ ಆಮೇಲೆ ತೆಗೀರಿ. ಹತ್ತಿ ಕೂತ್ಕೊಳ್ಳಿ,” ಎಂದಳು. “ಗುಡ್ಡ ಮುಟ್ಟೋ ತನಕ ಹೇಳೋಷ್ಟಿದೆ.”